ಕಮಟು ಎಣ್ಣೆ, ಆರುವ ಎರೆ

ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವ ಹೊತ್ತಿಗೆ ಶಿರೂರು, ಹುನಗುಂದದ ಕಡೆಯ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ನಿಂತಿರುತ್ತದೆ. ಮಳೆ ಮುಗಿದು ಎಷ್ಟೋ ದಿನ. ಮಣ್ಣಲ್ಲಿ ಉಳಿದ ಹಸಿಯೇ ಆಧಾರ. ಕಾಳು ಕಟ್ಟುವಾಗ ಅದೂ ಆರಿ, ಎರೆ ಬಿರಿಯುತ್ತದೆ. ನೀರುಳಿಸಲು ಎಲೆ ತನ್ನ ರಂಧ್ರ ಮುಚ್ಚಿಕೊಂಡರೂ ಬಿಸಿಲು ಬೀಳುವುದು ನಿಲ್ಲದು. ಬಳಕೆಯಾಗದ ಆ ಶಕ್ತಿಯಿಂದ ಹುಟ್ಟುವ ಉಗ್ರ ಆಮ್ಲಜನಕ ಜೀವಕೋಶದ ಪೊರೆಯ ಕೊಬ್ಬನ್ನು ಒಡೆಯುತ್ತದೆ. ಒಡೆದ ಚೂರುಗಳಲ್ಲಿ ಆಲ್ಡಿಹೈಡ್‌ಗಳೇ ಕೇಡಿನವು. ಹಳೆಯ ಶೇಂಗಾ ಎಣ್ಣೆಯ ಕಮಟು ವಾಸನೆಯೂ ಇದೇ ಕುಲದ್ದು. ಕಮಟಿದ ಎಣ್ಣೆಯನ್ನು ಚೆಲ್ಲಬಹುದು. ಎಲೆಯೊಳಗಿನ ಆಲ್ಡಿಹೈಡ್ ಪ್ರೋಟೀನಿಗೆ, ಡಿಎನ್‌ಎಗೆ ಅಂಟಿ ಕೆಡಿಸುತ್ತದೆ. ಅದನ್ನು ಆಮ್ಲವಾಗಿಸಿ ಅದರ ಕಾಟ ತಗ್ಗಿಸುವ ಕಿಣ್ವವೇ ಆಲ್ಡಿಹೈಡ್ ಡಿಹೈಡ್ರೋಜಿನೇಸ್.

ಇದರ ವಂಶವಾಹಿಗಳ ಶೋಧ ಒಂದೇ ದಾರಿಯಲ್ಲಿ ನಡೆಯಲಿಲ್ಲ. 1990ರಲ್ಲಿ ವೆರೆಟಿಲ್ನಿಕ್ ಮತ್ತು ಹ್ಯಾನ್ಸನ್ ಪಾಲಕ್‌ನಿಂದ ಬೀಟೇನ್ ಆಲ್ಡಿಹೈಡ್ ಡಿಹೈಡ್ರೋಜಿನೇಸ್‌ನ ವಂಶವಾಹಿಯನ್ನು ಬೇರ್ಪಡಿಸಿದರು. ಉಪ್ಪು, ಬರಗಳಲ್ಲಿ ಕೋಶದ ನೀರು ಕಾಯುವ ಗ್ಲೈಸಿನ್ ಬೀಟೇನ್ ತಯಾರಾಗುವುದು ಈ ಕಿಣ್ವದಿಂದ. 1996ರಲ್ಲಿ ನಮ್ಮ ಜೋಳವೇ ಕಣಕ್ಕಿಳಿಯಿತು: ನೀರು ಕಡಿಮೆಯಾದಾಗ ಇಂಥ ಎರಡು ವಂಶವಾಹಿಗಳು ಚುರುಕಾಗುವುದನ್ನು ಅಮೆರಿಕದಲ್ಲಿ ಕಂಡರು. ಅದೇ ವರ್ಷ ಅಲ್ಲಿನ ವಿಜ್ಞಾನಿ ಷ್ನೇಬಲ್‌ರ ತಂಡ ಗೋವಿನಜೋಳದಲ್ಲಿ ಬೇರೆಯದನ್ನೇ ಹುಡುಕುತ್ತಿತ್ತು. ಪರಾಗ ಕಟ್ಟದ ಗಿಡಕ್ಕೆ ಫಲವಂತಿಕೆ ಮರಳಿಸುವಲ್ಲಿ ನೆರವಾಗುವ ಆರ್‌ಎಫ್2 ಎಂಬ ವಂಶವಾಹಿ ಕೈಗೆ ಸಿಕ್ಕಾಗ, ಅದೂ ಇದೇ ಬಳಗದ್ದಾಗಿತ್ತು!

ಆಮೇಲಿನ ಓಟ ಜರ್ಮನಿಯ ಬಾನ್ ನಗರದ್ದು. ಪೂರಾ ಒಣಗಿ ಮತ್ತೆ ಚಿಗುರುವ ಕ್ರೇಟರೋಸ್ಟಿಗ್ಮಾ ಗಿಡದಲ್ಲಿ, ಒಣಗುವಾಗ ಎಚ್ಚರಗೊಳ್ಳುವ ಇಂಥದೊಂದು ವಂಶವಾಹಿಯನ್ನು ಬಾರ್ಟೆಲ್ಸ್, ಕಿರ್ಶ್ 2001ರಲ್ಲಿ ತೋರಿಸಿದರು. 2003ರಲ್ಲಿ ಪ್ರಯೋಗಾಲಯಗಳ ಪುಟ್ಟ ಗಿಡ ಅರಾಬಿಡಾಪ್ಸಿಸ್‌ನ ಒಂದು ವಂಶವಾಹಿಯನ್ನು ಅದೇ ಗಿಡದಲ್ಲಿ ಹೆಚ್ಚು ದುಡಿಸಿದಾಗ ಗಿಡ ಬರ, ಉಪ್ಪು ಎರಡನ್ನೂ ತಾಳಿತು. 2004ರಲ್ಲಿ ಆ ಗಿಡದ 14 ವಂಶವಾಹಿಗಳನ್ನು 9 ಕುಟುಂಬಗಳಾಗಿ ಹಂಚಿದರು. 2009ರಲ್ಲಿ ಜೋಳದ ಜೀನೋಮ್ ಓದಿದ ಮೇಲೆ ಅಲ್ಲೂ ಇಂಥ ಸುಮಾರು 20 ವಂಶವಾಹಿಗಳು ಸಿಕ್ಕವು. ಹೀಗೆ ಒಂದೊಂದು ಬೆಳೆಯದ್ದೂ ಎಣಿಕೆ, ಲೇಖನಗಳಿಗೆ ಬರವಿಲ್ಲ.

ಅಕ್ಕಿಯ ಕಥೆ ಮಾತ್ರ ಮಜವಾಗಿದೆ. ಬೀಟೇನ್ ಹೆಸರು ಹೊತ್ತ ಕಿಣ್ವ ಭತ್ತದಲ್ಲೂ ಇದೆ, ಆದರೆ ಭತ್ತ ಬೀಟೇನ್ ಕೂಡಿಸುವುದಿಲ್ಲ. ಆ ವಂಶವಾಹಿಯ 8 ಅಕ್ಷರ ಬಿಟ್ಟುಹೋದರೆ ಬಾಸ್ಮತಿಯ ಘಮ ಬರುತ್ತದೆಂದು 2005ರಲ್ಲಿ ಗೊತ್ತಾಯಿತು. ಕೆಟ್ಟ ವಂಶವಾಹಿಗೆ ನಾವು ಹೆಚ್ಚು ಬೆಲೆ ಕೊಡುತ್ತೇವೆ.

ಇಷ್ಟೆಲ್ಲ ಆದರೂ ಎರೆಹೊಲದ ರೈತನ ಕೈಯಲ್ಲಿರುವುದು ಮಾಲದಂಡಿಯಿಂದ ಆರಿಸಿದ ಎಂ 35-1ರಂಥ ತಳಿ. ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾದದ್ದು 1930ರ ದಶಕದಲ್ಲೇ. ಅಲ್ಲಿಂದ ಇಲ್ಲಿಯವರೆಗೆ ತಳಿಯನ್ನು ತೂಗುವುದು ಕಾಳು, ಕಣಿಕೆ ಎರಡರಲ್ಲೂ. ಪ್ರಯೋಗಾಲಯದ ಲೆಕ್ಕ ಹೆಚ್ಚಾಗಿ ಗಿಡ ಬದುಕಿತೋ ಸತ್ತಿತೋ ಎಂಬಲ್ಲಿಗೆ ನಿಲ್ಲುತ್ತದೆ. ಕುಂಡಕ್ಕೆ ನೀರು ನಿಲ್ಲಿಸಿದರೆ ನಾಲ್ಕಾರು ದಿನಕ್ಕೆ ಬರ ಬರುತ್ತದೆ. ಎರೆಯಲ್ಲಿ ಹಸಿ ಮೇಲಿನಿಂದ ಕೆಳಕ್ಕೆ ವಾರಗಟ್ಟಲೆ ಇಳಿಯುತ್ತದೆ, ಬೇರು ಅದರ ಬೆನ್ನು ಹತ್ತುತ್ತದೆ.