‘ಅಂತ್ರವೃದ್ಧಿ’: ಒಂದು ವೈದ್ಯಪದದ ಅರ್ಥವಿಚಾರ

ವೈದ್ಯಗ್ರಂಥಗಳ ಹಸ್ತಪ್ರತಿಗಳನ್ನು ಪರಿಷ್ಕರಿಸುವವರಿಗೆ ಮೂಲಿಕೆಗಳ ಹೆಸರುಗಳಿಗಿಂತ ರೋಗಗಳ ಹೆಸರುಗಳೇ ಹೆಚ್ಚು ತೊಡಕನ್ನು ತರುತ್ತವೆ. ಮೂಲಿಕೆಯ ಹೆಸರು ತಿಳಿಯದಿದ್ದರೆ ನಿಘಂಟು ನೆರವಿಗೆ ಬರುತ್ತದೆ. ರೋಗದ ಹೆಸರಾದರೋ ತಿಳಿದಂತೆಯೇ ತೋರಿ ದಾರಿ ತಪ್ಪಿಸುತ್ತದೆ. ‘ಅಂತ್ರವೃದ್ಧಿ’ ಅಂತಹ ಪದಗಳಲ್ಲೊಂದು. ಅಂತ್ರವೆಂದರೆ ಕರುಳು, ವೃದ್ಧಿಯೆಂದರೆ ಬೆಳವಣಿಗೆ. ಆದುದರಿಂದ ‘ಕರುಳಿನ ಬೆಳವಣಿಗೆ’ ಎಂದು ಅರ್ಥ ಬರೆದು ಮುಂದೆ ಸಾಗುವುದು ಸುಲಭ. ಆದರೆ ಈ ವ್ಯಾಧಿಯಲ್ಲಿ ಕರುಳು ಬೆಳೆಯುವುದೇ ಇಲ್ಲ. ತನ್ನ ಎಡೆಯನ್ನು ಬಿಟ್ಟು ಕೆಳಕ್ಕೆ ಇಳಿಯುತ್ತದೆ. ಇಂದಿನ ವೈದ್ಯರು ಹರ್ನಿಯಾ ಎಂದು ಕರೆಯುವುದು ಇದನ್ನೇ.

ಸುಶ್ರುತಸಂಹಿತೆಯ ನಿದಾನಸ್ಥಾನದ 12ನೆಯ ಅಧ್ಯಾಯದಲ್ಲಿ ವೃದ್ಧಿರೋಗಗಳನ್ನು ಏಳೆಂದು ಎಣಿಸಲಾಗಿದೆ: ವಾತ, ಪಿತ್ತ, ಕಫ, ರಕ್ತ, ಮೇದಸ್ಸು, ಮೂತ್ರ ಮತ್ತು ಅಂತ್ರ. ಕೊನೆಯದರ ಕಾರಣಗಳು ಭಾರ ಹೊರುವುದು, ತನಗಿಂತ ಬಲಿಷ್ಠನೊಡನೆ ಸೆಣಸುವುದು, ಮರದಿಂದ ಬೀಳುವುದು ಮೊದಲಾದುವು. ಕೆರಳಿದ ವಾಯುವು ಕರುಳಿನ ಒಂದು ಭಾಗವನ್ನು ಕೆಳಕ್ಕೆ ಒಯ್ದು ತೊಡೆಸಂದಿನಲ್ಲಿ ಗಂಟಿನಂತೆ ನಿಲ್ಲಿಸುತ್ತದೆ; ಉಪೇಕ್ಷಿಸಿದರೆ ಅದು ಫಲಕೋಶವನ್ನು ಹೊಗುತ್ತದೆ; ಒತ್ತಿದರೆ ಸದ್ದುಮಾಡುತ್ತ ಮೇಲಕ್ಕೆ ಸರಿದು, ಬಿಟ್ಟರೆ ಮರಳಿ ಇಳಿದು ಉಬ್ಬುತ್ತದೆ. ಕಣ್ಣಿನಿಂದ ಕಂಡು ಕೈಯಿಂದ ಮುಟ್ಟಿ ನೋಡಿದವನ ಮಾತು ಇದೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಚಿಕಿತ್ಸಾಸ್ಥಾನದ ನಿರ್ದೇಶವು ಇನ್ನೂ ಸ್ಪಷ್ಟ. ತೊಡೆಸಂದಿನಲ್ಲಿ ನಿಂತಿರುವಾಗಲೇ ಅರ್ಧಚಂದ್ರಾಕಾರದ ಮುಖವುಳ್ಳ ಶಲಾಕೆಯಿಂದ ಸುಡಬೇಕು, ಕೋಶವನ್ನು ತಲಪಿದ ಮೇಲೆ ಕೈಬಿಡಬೇಕು ಎಂಬುದು ವಿಧಿ. ಸುಡುವ ಪ್ರಯೋಜನವನ್ನು ಮಾರ್ಗದ ಅವರೋಧವೆಂದೇ ಹೇಳಿರುವುದು ಇಲ್ಲಿ ಮುಖ್ಯ. ಬೆಳೆದುದನ್ನು ಕುಗ್ಗಿಸಬೇಕೆನ್ನುವವನು ದಾರಿಯನ್ನು ಮುಚ್ಚಲು ಹೋಗಲಾರನು. ಜಾರುವುದನ್ನು ತಡೆಯಬೇಕೆನ್ನುವವನು ಮಾತ್ರ ಹೋಗುತ್ತಾನೆ.

ಹಾಗಾದರೆ ವೃದ್ಧಿ ಯಾವುದಕ್ಕೆ? ಕೋಶಕ್ಕೆ. ಏಳೂ ವ್ಯಾಧಿಗಳಲ್ಲಿ ಹಿಗ್ಗುವುದು ಫಲಕೋಶವೇ. ವಾತ, ಮೂತ್ರ, ಅಂತ್ರ ಮೊದಲಾದುವು ಆ ಹಿಗ್ಗುವಿಕೆಗೆ ಕಾರಣಗಳು. ಆದುದರಿಂದ ಇಲ್ಲಿ ಷಷ್ಠೀತತ್ಪುರುಷದ ವಿಗ್ರಹವು ಸಲ್ಲದು. ‘ಅಂತ್ರದಿಂದ ಉಂಟಾದ ವೃದ್ಧಿ’ ಎಂದೇ ಬಿಡಿಸಬೇಕು. ದೋಷಗಳ ಕ್ಷಯ-ವೃದ್ಧಿಗಳನ್ನು ಹೇಳುವ ಪ್ರಕರಣದಲ್ಲಿ ‘ವಾತವೃದ್ಧಿ’ಯೆಂದರೆ ವಾತದ ಹೆಚ್ಚಳವೇ ಆಗಿರುವುದರಿಂದ ಗೊಂದಲವು ಇಮ್ಮಡಿಯಾಗುತ್ತದೆ. ಪ್ರಕರಣವನ್ನು ನೋಡದೆ ಪದಕೋಶವನ್ನು ಮಾತ್ರ ನಂಬಿದ ಅನುವಾದವು ಎಡವುವುದು ಇಲ್ಲಿಯೇ.

ಚರಕನು ಇದೇ ವ್ಯಾಧಿಗೆ ಬೇರೊಂದು ಹೆಸರನ್ನು ಬಳಸಿದ್ದಾನೆ. ಶೋಥಚಿಕಿತ್ಸೆಯ ಅಧ್ಯಾಯದಲ್ಲಿ ಕರುಳು ಮತ್ತೆ ಮತ್ತೆ ಹೊರಟು ಒಳಸೇರುವ ವೃಷಣವಿಕಾರಕ್ಕೆ ‘ಬ್ರಧ್ನ’ವೆಂದು ಹೆಸರು. ಉತ್ತರಕಾಲೀನ ಗ್ರಂಥಗಳಲ್ಲಿ ‘ವರ್ಧ್ಮ’ ಎಂಬ ರೂಪವೂ ಬರುತ್ತದೆ. ಬ್ರಧ್ನಕ್ಕೆ ಅಮರಕೋಶವು ಹೇಳುವ ಪ್ರಸಿದ್ಧ ಅರ್ಥ ಸೂರ್ಯ. ಕೋಶವನ್ನು ಬಾಯಿಪಾಠ ಮಾಡಿದ ಲಿಪಿಕಾರನಿಗೆ ವೃಷಣದ ಮಾತಿನ ನಡುವೆ ಸೂರ್ಯನು ಎದುರಾದರೆ ಅವನ ಕೈ ತಡೆಯುವುದು ಸಹಜ. ಕನ್ನಡ ಲಿಪಿಯ ಓಲೆಗಳಲ್ಲಿ ದ-ಧ, ಬ-ಭ ಭೇದವು ಎಷ್ಟೋ ಕಡೆ ಬರಹದಲ್ಲಿ ಕಾಣದು. ಬ-ವ ವಿನಿಮಯವಂತೂ ತೀರ ಸಾಮಾನ್ಯ. ಒತ್ತಕ್ಷರ ಸವೆದ ಎಡೆಯಲ್ಲಿ ಬ್ರಧ್ನ, ವರ್ಧ್ಮ, ವೃದ್ಧಿ ಮೂರೂ ಒಂದಕ್ಕೊಂದು ಹತ್ತಿರವಾಗಿಬಿಡುತ್ತವೆ. ಇವುಗಳಲ್ಲಿ ಪರಿಚಿತವಾದ ‘ವೃದ್ಧಿ’ಯನ್ನೇ ಮೂಲಪಾಠಕ್ಕೆ ಏರಿಸುವ ಆತುರವು ಒಳಿತಲ್ಲ, ಕಠಿನಪಾಠಕ್ಕೆ ಮೊದಲ ಮನ್ನಣೆ ಸಲ್ಲಬೇಕು.

ಅವಯವವು ಎಡೆತಪ್ಪುವುದನ್ನು ನೇರವಾಗಿ ಹೇಳುವ ಧಾತುಗಳು ಬೇರೆ ಇವೆ. ಅವು ಭ್ರಂಶ ಮತ್ತು ಸ್ರಂಸ. ಮೊದಲನೆಯದರಿಂದ ಗುದಭ್ರಂಶ, ಎರಡನೆಯದರಿಂದ ಸುಶ್ರುತನ ಯೋನಿವ್ಯಾಪತ್ತುಗಳಲ್ಲಿ ಬರುವ ಪ್ರಸ್ರಂಸಿನೀ. ಪ್ರಾಕೃತದಲ್ಲಿ ಭ್ರಷ್ಟವು ‘ಭಟ್ಟ’ವಾಗುತ್ತದೆ, ಕುಂದಕುಂದಾಚಾರ್ಯರ ದಂಸಣಪಾಹುಡದಲ್ಲಿ ಸಮ್ಯಗ್ದರ್ಶನದಿಂದ ಜಾರಿದವರಿಗೆ ಈ ಪದವೇ ಬಂದಿದೆ. ಜಾರಿದವನನ್ನು ಮರಳಿ ನೆಲೆಗೊಳಿಸುವುದು ಸ್ಥಿತೀಕರಣಾಂಗ. ವೈದ್ಯನು ಗುದಭ್ರಂಶದಲ್ಲಿ ಮಾಡುವುದೂ ಕ್ರಮದಲ್ಲಿ ಅದೇ: ಸ್ನೇಹನ, ಸ್ವೇದನ, ಒಳಸೇರಿಕೆ, ಆಮೇಲೆ ಬಂಧನ.

ಗ್ರೀಕರಲ್ಲಿಯೂ ಹೆಸರಿಡುವ ಈ ಎರಡು ದೃಷ್ಟಿಗಳು ಕಾಣುತ್ತವೆ. ಅವರ ‘ಎಂಟೆರೊಕೀಲೆ’ಯಲ್ಲಿ ಮೊದಲ ಪದ ಕರುಳು, ಎರಡನೆಯದು ಬಾವು, ಇದು ಅಂತ್ರವೃದ್ಧಿಗೆ ಅಚ್ಚಿನಂತೆ ಹೊಂದುತ್ತದೆ. ‘ಪ್ಟೋಸಿಸ್’ ಎಂದರೆ ಬೀಳುವಿಕೆ, ಅಂದರೆ ಭ್ರಂಶ. ಎಂಟೆರೊನ್ ಮತ್ತು ಅಂತ್ರ ಒಂದೇ ಮೂಲದ ಪದಗಳೆಂಬುದು ಭಾಷಾವಿಜ್ಞಾನಿಗಳಿಗೆ ಸಮ್ಮತವಾದುದು. ಹಾಗೆಂದು ವೈದ್ಯಪದವೇ ಅಲ್ಲಿಂದ ಇಲ್ಲಿಗೆ ಬಂತೆಂದು ಹೇಳಲು ಬರುವುದಿಲ್ಲ. ಕಂಡ ಬಾವಿಗೆ ಇಬ್ಬರೂ ಬಾವೆಂದೇ ಹೆಸರಿಟ್ಟರು, ಅಷ್ಟೆ.

ದೇಶಭಾಷೆಯು ಶಾಸ್ತ್ರಕ್ಕಿಂತ ನೇರ. ಹುಬ್ಬಳ್ಳಿ-ಧಾರವಾಡದ ಆಡುಮಾತಿನಲ್ಲಿ ಕರುಳು ‘ಕಳ್ಳು’ ಆಗುತ್ತದೆ, ಅದು ‘ಇಳಿಯುತ್ತದೆ’. ಗರ್ಭಕೋಶ ‘ಜಾರುತ್ತದೆ’, ಈದ ಹಸುವಿಗೆ ‘ಮೈ ಹೊರಬೀಳುತ್ತದೆ’, ಹೊಟ್ಟೆನೋವಿನವನಿಗೆ ‘ಬಟ್ಟಿ ಸರಿಯುತ್ತದೆ’. ಬಟ್ಟಿ ಸರಿಯುವುದೆಂಬ ವ್ಯಾಧಿಯನ್ನು ಇಂದಿನ ಶಾರೀರಶಾಸ್ತ್ರವು ಒಪ್ಪುವುದಿಲ್ಲ. ಆ ಬಟ್ಟಿಗೂ ಪ್ರಾಕೃತದ ಭಟ್ಟಕ್ಕೂ ನಂಟು ಕಲ್ಪಿಸುವುದು ಕಿವಿಗೆ ಇಂಪಾದೀತು, ಪ್ರಮಾಣವಾಗದು. ಗಮನಿಸಬೇಕಾದುದು ಕ್ರಿಯಾಪದಗಳನ್ನು. ಇಳಿ, ಜಾರು, ಬೀಳು, ಸರಿ ಎಲ್ಲವೂ ಚಲನೆಯನ್ನು ಹೇಳುತ್ತವೆ. ಬೆಳವಣಿಗೆಯನ್ನು ಹೇಳುವ ಮಾತು ಒಂದೂ ಇಲ್ಲ. ಧಾರವಾಡದಲ್ಲಿ 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯಂತಹ ಭಂಡಾರಗಳ ಓಲೆಗಳನ್ನು ಓದುವವರಿಗೆ ಈ ಸುತ್ತಿನ ನುಡಿಯು ಒಮ್ಮೊಮ್ಮೆ ಸಂಸ್ಕೃತ ಟೀಕೆಗಿಂತಲೂ ಹೆಚ್ಚು ನೆರವಾಗಬಲ್ಲದು.

ಜೈನ ವೈದ್ಯಪರಂಪರೆಗೆ ಸಂಬಂಧಿಸಿದ ಇನ್ನೊಂದು ವಿಚಾರವಿದೆ. ಗುದಭ್ರಂಶಕ್ಕೆ ಸುಶ್ರುತನು ಹೇಳಿದ ತೈಲದಲ್ಲಿ ಮಹಾಪಂಚಮೂಲದೊಡನೆ ಕರುಳು ತೆಗೆದ ಇಲಿಯೂ ಸೇರಿದೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವು ಮದ್ಯ-ಮಾಂಸ-ಮಧುಗಳನ್ನು ವರ್ಜಿಸಿದ ಗ್ರಂಥ. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಪರಿಷ್ಕರಿಸಿ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾದ ಈ ಕೃತಿಯ ಹಿತಾಹಿತಾಧ್ಯಾಯವು ಮಾಂಸನಿಷೇಧಕ್ಕೇ ಮೀಸಲಾಗಿದೆ. ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದ ಜಗದ್ದಳ ಸೋಮನಾಥನದೂ ಇದೇ ದಾರಿ. ಆದುದರಿಂದ ಇಂತಹ ಗ್ರಂಥದ ಪ್ರತಿಯಲ್ಲಿ ಭ್ರಂಶಚಿಕಿತ್ಸೆಯು ಸುಶ್ರುತನದಕ್ಕಿಂತ ಚಿಕ್ಕದಾಗಿ ಕಂಡರೆ ಅದನ್ನು ಗ್ರಂಥಪಾತವೆಂದು ಬಗೆದು ಸಂಹಿತೆಯಿಂದ ತುಂಬಿಸುವುದು ಅಕಾರ್ಯ. ಬಿಟ್ಟುದು ಓಲೆಯಲ್ಲ, ಆಚಾರ್ಯ. ‘ಮೂಷಿಕ’ ಎಂಬ ಪದವೇ ಕಂಡುಬಂದ ಎಡೆಯಲ್ಲಿಯೂ ಮೂಷಿಕಪರ್ಣಿ, ಎಂದರೆ ಇಲಿಕಿವಿ ಸೊಪ್ಪು, ಸಂಕ್ಷೇಪವಾಗಿ ನಿಂತಿದೆಯೇ ಎಂಬುದನ್ನು ಛಂದಸ್ಸು ಮತ್ತು ಜೊತೆಯ ದ್ರವ್ಯಗಳಿಂದ ಪರೀಕ್ಷಿಸಿಯೇ ಅರ್ಥ ಹೇಳಬೇಕು.