ರಹೀಮ್ ಸಾಹೇಬರ ತಾಲೀಮು



ಉರ್ದುವಿನಲ್ಲಿ ‘ತಾಲೀಮ್’ ಎಂದರೆ ಶಿಕ್ಷಣ. ಅದೇ ಪದ ಕನ್ನಡಕ್ಕೆ ಬಂದು ‘ತಾಲೀಮು’ ಆದಾಗ ಗರಡಿಯ ಸಾಮು, ನಾಟಕದ ಅಭ್ಯಾಸ ಎಂಬ ಅರ್ಥ ಪಡೆದುಕೊಂಡಿತು. ಒಂದು ಭಾಷೆಯಲ್ಲಿ ಅದು ಪುಸ್ತಕದ ವಿದ್ಯೆ, ಇನ್ನೊಂದರಲ್ಲಿ ಮೈ ಪಳಗಿಸುವ ವಿದ್ಯೆ. ಈ ಎರಡು ಅರ್ಥಗಳನ್ನೂ ಒಟ್ಟಿಗೆ ಬದುಕಿದ ಒಬ್ಬ ಶಾಲಾ ಶಿಕ್ಷಕರ ಚರಿತ್ರೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ಭಾರತ ಫುಟ್ಬಾಲ್ ತಂಡದ ತರಬೇತುದಾರರು. 2024ರಲ್ಲಿ ‘ಮೈದಾನ್’ ಎಂಬ ಹಿಂದಿ ಚಿತ್ರ ಬಂದ ಮೇಲೆ ಅವರ ಹೆಸರು ನಿಮ್ಮಲ್ಲಿ ಕೆಲವರಿಗಾದರೂ ತಿಳಿದಿರಬಹುದು. ಚಿತ್ರಕ್ಕೆ ಬೇಕಾದುದನ್ನು ಚಿತ್ರದವರು ಆರಿಸಿಕೊಂಡರು. ಶಾಲೆಯವರಾದ ನಮಗೆ ಬೇಕಾದದ್ದು ಬೇರೆಯೇ ಇದೆ.

1909ರಲ್ಲಿ ಜನಿಸಿದ ರಹೀಮ್ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು. ಹೈದರಾಬಾದಿನ ಶಾಲೆಗಳಲ್ಲಿ ಪಾಠ ಹೇಳಿ, ಆನಂತರ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದರು. ಅವರು ತರಬೇತಿ ನೀಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ಅವರ ವಿಧಾನವನ್ನು ಗಮನಿಸಿ. ಎಳೆಯ ಆಟಗಾರರಿಗೆ ಡ್ರಿಬ್ಲಿಂಗ್ ನಿಷೇಧಿಸಿದ ಪಂದ್ಯಾವಳಿ ನಡೆಸುತ್ತಿದ್ದರು. ಚೆಂಡು ಬಂದ ಕೂಡಲೇ ಜೊತೆಗಾರನಿಗೆ ಕೊಡಲೇಬೇಕು. ಬಲಗಾಲಿನವರು ಎಡಗಾಲಿನಿಂದಲೇ ಒದೆಯಬೇಕಾದ ಪಂದ್ಯಗಳೂ ಇದ್ದವು. ಬಿ.ಎಡ್. ಮಾಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮಗುವಿಗೆ ಬರುವುದನ್ನೇ ಮತ್ತೆ ಮತ್ತೆ ಮಾಡಿಸಿ ಚಪ್ಪಾಳೆ ತಟ್ಟುವುದು ಸುಲಭ. ಬಾರದ ಕಾಲಿಗೆ ಪಾಠ ಹೇಳುವುದು ಕಷ್ಟ.

ಆ ಕಾಲದಲ್ಲಿ ನಮ್ಮ ಮೈಸೂರು ರಾಜ್ಯವೇನೂ ಹಿಂದುಳಿದಿರಲಿಲ್ಲ. ಬೆಂಗಳೂರಿನ ‘ಬೆಂಗಳೂರ್ ಮುಸ್ಲಿಮ್ಸ್’ ತಂಡ 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದಿತ್ತು. ಮೈಸೂರು ತಂಡ 1946-47ರಲ್ಲಿ ಮೊದಲ ಬಾರಿಗೆ ಸಂತೋಷ್ ಟ್ರೋಫಿ ಎತ್ತಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದದ್ದು ಮೈಸೂರು ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಇನ್ನೊಬ್ಬ ಬೆಂಗಳೂರಿನ ಹುಡುಗ ಅಹಮದ್ ಖಾನ್. ಕೋಲ್ಕತ್ತದ ಈಸ್ಟ್ ಬೆಂಗಾಲ್ ಅಭಿಮಾನಿಗಳು ತಮ್ಮ ಐವರು ಮುಂಚೂಣಿ ಆಟಗಾರರನ್ನು ‘ಪಂಚಪಾಂಡವರು’ ಎಂದು ಕರೆಯುತ್ತಿದ್ದರು. ಆ ಐವರಲ್ಲಿ ಅಹಮದ್ ಖಾನ್ ಒಬ್ಬರು.

1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ರಹೀಮರ ತಂಡ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು. ದೇಶವೆಲ್ಲ ಹೊಗಳಿತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಅಲ್ಲಿನ ಚಳಿಯಲ್ಲಿ ನಮ್ಮ ಆಟಗಾರರಲ್ಲಿ ಹಲವರು ಬರಿಗಾಲಿನಲ್ಲಿ ಮೈದಾನಕ್ಕಿಳಿದರು. ಎದುರಾಳಿ ಯುಗೊಸ್ಲಾವಿಯಾ ಹತ್ತು ಗೋಲು ಹೊಡೆಯಿತು. ನಮ್ಮದು ಒಂದು. ಆ ಒಂದನ್ನು ಪಂದ್ಯದ ಕೊನೆಯ ಗಳಿಗೆಯಲ್ಲಿ ಹೊಡೆದವರು ನಮ್ಮ ಅಹಮದ್ ಖಾನ್.

ಇಲ್ಲಿ ಸ್ವಲ್ಪ ನಿಲ್ಲೋಣ. 10-1 ಎಂಬ ಅಂಕಿಯನ್ನು ಹೊತ್ತುಕೊಂಡು ಊರಿಗೆ ಮರಳುವುದೆಂದರೆ ಏನು? ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇಕಡ ಹತ್ತು ಇಳಿದರೆ ಮುಖ್ಯೋಪಾಧ್ಯಾಯರು ಒಂದು ವಾರ ಬಜಾರಿನ ಕಡೆ ತಲೆ ಹಾಕುವುದಿಲ್ಲ. ಪರೀಕ್ಷೆ ಬರೆಯುವವರು ಮಕ್ಕಳು, ಉತ್ತರ ಹೇಳಬೇಕಾದವರು ಮೇಷ್ಟರು. ಫುಟ್ಬಾಲಿನಲ್ಲೂ ಇದೇ ನ್ಯಾಯ: ಹನ್ನೊಂದು ಮಂದಿ ಆಡುತ್ತಾರೆ, ಗೆರೆಯಾಚೆ ನಿಂತ ಒಬ್ಬನಿಂದ ಲೆಕ್ಕ ಕೇಳುತ್ತಾರೆ. ಹನ್ನೊಂದು ಜನರನ್ನು ಒಮ್ಮೆಲೇ ತೆಗೆಯಲು ಆಗುವುದಿಲ್ಲ, ಒಬ್ಬನನ್ನು ತೆಗೆಯಬಹುದು. ಅಷ್ಟೇ ಕಾರಣ.

ಆ ಸೋಲಿನ ನಂತರ ಭಾರತದ ಫುಟ್ಬಾಲಿನಲ್ಲಿ ಬೂಟು ಕಡ್ಡಾಯವಾಯಿತು. ಹಂಗೇರಿಯವರು ಸೆಂಟರ್ ಫಾರ್ವರ್ಡ್ ಆಟಗಾರನನ್ನು ಹಿಂದಕ್ಕೆ ಎಳೆದು ಆಡುತ್ತಿದ್ದ ಹೊಸ ಪದ್ಧತಿಯನ್ನು ರಹೀಮ್ ತಮ್ಮ ತಂಡಗಳಿಗೂ ಕಲಿಸಿದರು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ಗೂ ಅವರೇ ತರಬೇತುದಾರರು. ಅಲ್ಲಿ ಭಾರತ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ಮೂರು ಗೋಲು ನೆವಿಲ್ ಡಿಸೋಜಾ ಒಬ್ಬರದೇ. ಒಲಿಂಪಿಕ್ಸ್ ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ಫುಟ್ಬಾಲ್ ತಂಡ ನಮ್ಮದಾಯಿತು. ಸೆಮಿಫೈನಲ್‌ನಲ್ಲಿ ಎದುರಾದದ್ದು ಮತ್ತೆ ಅದೇ ಯುಗೊಸ್ಲಾವಿಯಾ. ಮೊದಲ ಗೋಲು ಈ ಸಲ ನಮ್ಮದು. ಕೊನೆಗೆ 4-1ರಿಂದ ಸೋತೆವು, ಕಂಚಿನ ಪಂದ್ಯದಲ್ಲೂ ಬಲ್ಗೇರಿಯಾಕ್ಕೆ ಸೋತು ನಾಲ್ಕನೇ ಸ್ಥಾನ ಪಡೆದೆವು. ಆದರೂ ಹತ್ತಕ್ಕೂ ನಾಲ್ಕಕ್ಕೂ ನಡುವೆ ಇರುವ ವ್ಯತ್ಯಾಸವನ್ನು ನಾನು ಚಿನ್ನದ ಪದಕಕ್ಕಿಂತ ದೊಡ್ಡದೆಂದೇ ಎಣಿಸುತ್ತೇನೆ. 1952ರಲ್ಲೇ ಅವರನ್ನು ಶಾಶ್ವತವಾಗಿ ಮನೆಗೆ ಕಳುಹಿಸಿದ್ದರೆ ಈ ನಾಲ್ಕು ವರ್ಷದ ಪಾಠ ಯಾರ ಕೈಯಲ್ಲಿ ನಡೆಯುತ್ತಿತ್ತು?

1960ರ ರೋಮ್ ಒಲಿಂಪಿಕ್ಸ್‌ನ ಒಂದು ಸಂಗತಿ ಹೇಳಲೇಬೇಕು. ತಂಡದಲ್ಲಿ ರಹೀಮರ ಮಗ ಸೈಯದ್ ಶಾಹಿದ್ ಹಕೀಮ್ ಇದ್ದರು. ಮಗನಿಗೆ ಅಲ್ಲಿ ಒಂದು ಪಂದ್ಯದಲ್ಲೂ ಆಡುವ ಅವಕಾಶ ಸಿಗಲಿಲ್ಲ. ತಮ್ಮ ತರಗತಿಯಲ್ಲೇ ತಮ್ಮ ಮಗುವನ್ನು ಕೂರಿಸಿಕೊಂಡು ಪಾಠ ಮಾಡಿದ ಶಿಕ್ಷಕರಿಗೆ ಇದರ ಬಿಸಿ ಗೊತ್ತು.

1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ವೇಳೆಗೆ ರಹೀಮರನ್ನು ಶ್ವಾಸಕೋಶದ ಕ್ಯಾನ್ಸರ್ ಹಿಡಿದಿತ್ತು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾ ವಿರುದ್ಧ 0-2 ಸೋಲು. ಇಸ್ರೇಲ್ ಮತ್ತು ತೈವಾನ್ ಆಟಗಾರರನ್ನು ಇಂಡೋನೇಷ್ಯಾ ಹೊರಗಿಟ್ಟದ್ದನ್ನು ಭಾರತದ ಕ್ರೀಡಾ ಅಧಿಕಾರಿ ಗುರುದತ್ ಸೋಂಧಿ ಆಕ್ಷೇಪಿಸಿದ್ದರಿಂದ ಅಲ್ಲಿನ ಜನ ಭಾರತದ ಮೇಲೆ ಕೆರಳಿದ್ದರು. ನಮ್ಮ ತಂಡ ಮೈದಾನಕ್ಕೆ ಬಂದರೆ ಕೂಗಿ ಮೂದಲಿಸುತ್ತಿದ್ದರು. ಸಾಲದೆಂಬಂತೆ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದರು. ರಹೀಮ್ ಅವರನ್ನು ಹೊರಗೆ ಕೂರಿಸಲಿಲ್ಲ, ಮುಂಚೂಣಿಗೆ ತಂದು ನಿಲ್ಲಿಸಿದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಜರ್ನೈಲ್ ಗೋಲು ಹೊಡೆದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಇನ್ನೊಂದು. ಮೊದಲ ದಿನ ನಮ್ಮನ್ನು ಸೋಲಿಸಿದ್ದ ಕೊರಿಯಾವನ್ನೇ 2-1ರಿಂದ ಮಣಿಸಿ ಚಿನ್ನ ಬಂತು. ಏಷ್ಯನ್ ಕ್ರೀಡಾಕೂಟದ ಫುಟ್ಬಾಲಿನಲ್ಲಿ ಭಾರತ ಆಮೇಲೆ ಚಿನ್ನ ಗೆದ್ದಿಲ್ಲ. 1963ರ ಜೂನ್ 11ರಂದು ರಹೀಮ್ ನಿಧನರಾದರು.

ಈಗ ನಮ್ಮ ರಾಜ್ಯದ ಇತ್ತೀಚಿನ ಕಥೆಗೆ ಬನ್ನಿ. 2013ರಲ್ಲಿ ಆರಂಭವಾದ ಬೆಂಗಳೂರು ಎಫ್‌ಸಿ ತಂಡಕ್ಕೆ 2016ರಲ್ಲಿ ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಸಹಾಯಕರಾಗಿ ಪಳಗಿದವರು. ಅವರು ತಂದ ಸಹಾಯಕ ಕಾರ್ಲೆಸ್ ಕ್ವಾಡ್ರಾಟ್. 2018ರಲ್ಲಿ ರೋಕಾ ಹೋದಾಗ ಶಿಷ್ಯನೇ ಗುರುವಿನ ಕುರ್ಚಿಯಲ್ಲಿ ಕುಳಿತು, 2019ರ ಮಾರ್ಚ್‌ನಲ್ಲಿ ತಂಡಕ್ಕೆ ಐಎಸ್‌ಎಲ್ ಕಿರೀಟ ಗೆದ್ದುಕೊಟ್ಟರು. 2021ರ ಜನವರಿಯಲ್ಲಿ ಸತತ ಸೋಲುಗಳು ಬಂದವು, ಸೀಸನ್ ಮುಗಿಯುವ ಮುನ್ನವೇ ಅವರು ಹೊರಟರು. ಮುಂದೆ ಈಸ್ಟ್ ಬೆಂಗಾಲ್‌ಗೆ 2024ರ ಆರಂಭದಲ್ಲಿ ಸೂಪರ್ ಕಪ್ ತಂದುಕೊಟ್ಟರು. ಅದೇ ಸೆಪ್ಟೆಂಬರ್‌ನಲ್ಲಿ ಅಲ್ಲಿಂದಲೂ ಹೊರಟರು. ಹಣ ಹಾಕಿದವರ ಆತುರ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ.

ನಮ್ಮ ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಫುಟ್ಬಾಲ್ ಅಷ್ಟಾಗಿ ಬೇರೂರಲಿಲ್ಲ. ರಾತ್ರಿ ಒಂಬತ್ತಕ್ಕೆ ಬೀಳುವ ಬಂಡೀಪುರದ ಗೇಟಿನ ಆಚೆ, ವಯನಾಡಿನಲ್ಲಿ, ಸಂಜೆಯಾದರೆ ಫುಟ್ಬಾಲ್, ಈಚೆ ಕ್ರಿಕೆಟ್. ಇದಕ್ಕೆ ಕಾಡು ಕಾರಣವಲ್ಲ. ಎಷ್ಟೋ ಶಾಲೆಗಳಲ್ಲಿ ಪಿ.ಟಿ. ಮೇಷ್ಟರೆಂದರೆ ಪ್ರಾರ್ಥನೆಗೆ ಸಾಲು ನಿಲ್ಲಿಸುವವರು, ಗಣರಾಜ್ಯೋತ್ಸವಕ್ಕೆ ಕವಾಯತು ಮಾಡಿಸುವವರು. ಅವರ ಅವಧಿಯನ್ನು ಗಣಿತಕ್ಕೆ, ವಿಜ್ಞಾನಕ್ಕೆ ಬಿಟ್ಟುಕೊಡಿ ಎಂದು ಕೇಳುವವರು ನಾವೇ. ವಿದ್ಯಾರ್ಥಿಗಳೇ, ಆ ಅವಧಿಯನ್ನು ನಿಮ್ಮಿಂದ ಕಿತ್ತುಕೊಂಡಾಗ ವಿನಯದಿಂದಲೇ ಆದರೂ ಕೇಳಿ ನೋಡಿ.

ರಹೀಮರ ಶಾಗಿರ್ದ್ ಪಿ.ಕೆ. ಬ್ಯಾನರ್ಜಿ 1970ರ ದಶಕದಲ್ಲಿ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಎರಡೂ ತಂಡಗಳಿಗೆ ತರಬೇತಿ ನೀಡಿದರು. ಪಂದ್ಯಕ್ಕೆ ಮುನ್ನ ಅವರು ಆಡುವ ಮಾತಿಗೆ ಆಟಗಾರರು ‘ವೋಕಲ್ ಟಾನಿಕ್’ ಎನ್ನುತ್ತಿದ್ದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಅವರು ಭಾರತದ ತರಬೇತುದಾರರಾದಾಗ ಪಕ್ಕದಲ್ಲಿ ಸಹಾಯಕರಾಗಿ ನಿಂತವರು ಹಕೀಮ್, ರೋಮ್‌ನಲ್ಲಿ ತಂದೆ ಆಡಿಸದಿದ್ದ ಅದೇ ಮಗ. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿ, ಫಿಫಾ ರೆಫರಿಯಾಗಿ, ತರಬೇತುದಾರರಾಗಿ ದುಡಿದ ಹಕೀಮ್ ಸಾಹೇಬರು 2021ರ ಆಗಸ್ಟ್ 22ರಂದು ನಮ್ಮ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಕೊನೆಯುಸಿರೆಳೆದರು.