ಧ್ಯಾನದ ಜೊತೆಗೆ ಸೇವೆ: ರಾಮಕೃಷ್ಣ ಮಿಷನ್ ಬೆಳೆದುಬಂದ ಬಗೆ

ರಾಮಕೃಷ್ಣ ಮಿಷನ್ ಹುಟ್ಟಿದ್ದು 1897ರ ಮೇ 1ರಂದು, ಕಲ್ಕತ್ತೆಯ ಬಾಗ್‌ಬಜಾರಿನಲ್ಲಿದ್ದ ಬಲರಾಮ ಬಸು ಅವರ ಮನೆಯಲ್ಲಿ. ಪಶ್ಚಿಮ ದೇಶಗಳ ಪ್ರವಾಸ ಮುಗಿಸಿ ಅದೇ ವರ್ಷ ಜನವರಿಯಲ್ಲಿ ಮರಳಿದ್ದ ಸ್ವಾಮಿ ವಿವೇಕಾನಂದರು ತಮ್ಮ ಗುರುಸಹೋದರರನ್ನೂ ಶ್ರೀರಾಮಕೃಷ್ಣರ ಗೃಹಸ್ಥ ಭಕ್ತರನ್ನೂ ಅಲ್ಲಿಗೆ ಕರೆಸಿ, ಒಂದು ಸಂಘ ಕಟ್ಟುವ ಮಾತು ತೆಗೆದರು. ಜಪ, ಧ್ಯಾನ, ವೇದಾಂತಪ್ರಚಾರಗಳ ಜೊತೆಗೆ ಹಸಿದವರಿಗೆ ಅನ್ನ, ರೋಗಿಗಳಿಗೆ ಆರೈಕೆ, ಓದಲಾರದವರಿಗೆ ವಿದ್ಯೆ ಕೊಡುವುದೂ ಆ ಸಂಘದ ಕೆಲಸವಾಗಬೇಕೆಂಬುದು ಅವರ ಬಯಕೆ. ಸಭೆ ಒಪ್ಪಿತು. ಆದರೆ ಒಪ್ಪಿದವರೆಲ್ಲರ ಮನಸ್ಸೂ ಒಪ್ಪಿರಲಿಲ್ಲ.

ಅವರ ಹಿಂಜರಿಕೆಗೆ ಕಾರಣವಿತ್ತು. 1886ರ ಆಗಸ್ಟ್‌ನಲ್ಲಿ ಶ್ರೀರಾಮಕೃಷ್ಣರು ಕಾಶೀಪುರದ ತೋಟದ ಮನೆಯಲ್ಲಿ ದೇಹ ಬಿಟ್ಟ ಮೇಲೆ ಅವರ ತರುಣ ಶಿಷ್ಯರು ವರಾಹನಗರದ ಒಂದು ಹಾಳುಬಿದ್ದ ಮನೆಯಲ್ಲಿ ಸೇರಿದ್ದರು. ಬಾಡಿಗೆ ಕೊಡುತ್ತಿದ್ದವರು ಗೃಹಸ್ಥ ಭಕ್ತ ಸುರೇಂದ್ರನಾಥ ಮಿತ್ರರು. ಅನ್ನ ಸಿಕ್ಕರೆ ಉಪ್ಪಿಲ್ಲ, ಎರಡೂ ಸಿಕ್ಕರೆ ನಂಚಿಕೊಳ್ಳಲು ಬೇಯಿಸಿದ ತೊಂಡೆ ಎಲೆ ಎನ್ನುವಂತಹ ದಿನಗಳವು. ಹೊರಗೆ ಹೋಗಲು ತಕ್ಕ ಬಟ್ಟೆ ಒಂದೇ ಇತ್ತು, ಹೋಗುವವರು ಅದನ್ನು ಉಟ್ಟು ಹೋಗುತ್ತಿದ್ದರು. ರಾತ್ರಿಯೆಲ್ಲ ಧ್ಯಾನ, ಹಗಲೆಲ್ಲ ಶಾಸ್ತ್ರಚರ್ಚೆ, ಬೇಸರವಾದರೆ ತೀರ್ಥಯಾತ್ರೆ. ಹೀಗೆ ಬಾಳಿದವರಿಗೆ ವರದಿ, ಲೆಕ್ಕಪತ್ರ, ಚಂದಾಗಳ ಸಂಸ್ಥೆ ಪರದೇಶದ ಸರಕಿನಂತೆ ಕಂಡಿದ್ದು ಸಹಜವೇ. ಸ್ವಾಮಿ ಯೋಗಾನಂದರು ಅದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದರು: ಗುರುಗಳು ಕಲಿಸಿದ್ದು ಈಶ್ವರಲಾಭದ ದಾರಿಯನ್ನು, ಇದು ಪಾಶ್ಚಾತ್ಯರ ರೀತಿಯಲ್ಲವೇ?

ವಿವೇಕಾನಂದರ ಉತ್ತರಕ್ಕೆ ಆಧಾರವಾದದ್ದು 1884ರ ಒಂದು ಪ್ರಸಂಗ. ದಕ್ಷಿಣೇಶ್ವರದಲ್ಲಿ ಜೀವದಯೆಯ ಮಾತು ಬಂದಾಗ ಶ್ರೀರಾಮಕೃಷ್ಣರು ದಯೆ ಎಂಬ ಪದವನ್ನೇ ತಳ್ಳಿಹಾಕಿ, ಜೀವನಲ್ಲಿ ಶಿವನನ್ನು ಕಂಡು ಸೇವೆ ಮಾಡಬೇಕೆಂದಿದ್ದರು. ದಯೆ ತೋರುವವನು ಮೇಲೆ ನಿಂತಿರುತ್ತಾನೆ, ಪೂಜಿಸುವವನು ತಲೆಬಾಗಿರುತ್ತಾನೆ. ಸೇವೆ ಪೂಜೆಯಾದರೆ ಧ್ಯಾನಕ್ಕೂ ಅದಕ್ಕೂ ಜಗಳವಿಲ್ಲ. ಕಣ್ಣು ಮುಚ್ಚಿ ಒಳಗೆ ಹುಡುಕುವುದನ್ನೇ ಕಣ್ಣು ತೆರೆದು ಎದುರಿನವನಲ್ಲಿ ಹುಡುಕುವುದಷ್ಟೆ. ಮಿಷನ್ನಿನ ಮುಂದಿನ ಚರಿತ್ರೆಯೆಲ್ಲ ಈ ಒಂದು ಮಾತನ್ನು ನಡೆಸಿ ತೋರಿಸುವ ಪ್ರಯತ್ನ. ಈ ಮಾತು ಬೇರುಬಿಡಲು ಹಲವು ವರ್ಷಗಳೇ ಬೇಕಾದವು.

ವಿವೇಕಾನಂದರ ಸೇವಾಯೋಜನೆಯ ಒಂದು ಸ್ಪಷ್ಟ ಕರಡು ಕನ್ನಡನಾಡಿನ ಅರಸರಿಗೆ ಬರೆದ ಪತ್ರದಲ್ಲಿದೆ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. 1892ರಲ್ಲಿ ಮೈಸೂರಿಗೆ ಬಂದ ಪರಿವ್ರಾಜಕ ವಿವೇಕಾನಂದರನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರು ಆದರಿಸಿದ್ದರು. 1894ರ ಜೂನ್‌ನಲ್ಲಿ ಅಮೆರಿಕದಿಂದ ಅದೇ ಮಹಾರಾಜರಿಗೆ ಬರೆದ ಪತ್ರದಲ್ಲಿ, ಊರೂರು ಅಲೆದು ಧರ್ಮ ಹೇಳುವ ಸಂನ್ಯಾಸಿಗಳು ಭೂಪಟ, ಗೋಳಗಳನ್ನೂ ಹಿಡಿದು ಹೋಗಿ ಬಡವರಿಗೆ ಲೌಕಿಕ ವಿದ್ಯೆಯನ್ನೂ ಕಲಿಸಬಾರದೇಕೆ ಎಂದು ಅವರು ಕೇಳುತ್ತಾರೆ. ಬಡವರ ಮಕ್ಕಳು ಹೊಲಗೆಲಸ ಬಿಟ್ಟು ಶಾಲೆಗೆ ಬರಲಾರರು, ಆದ್ದರಿಂದ ಶಾಲೆಯೇ ಅವರ ಬಳಿಗೆ ಹೋಗಬೇಕು ಎಂಬುದು ಆ ಪತ್ರದ ತರ್ಕ.

ಆದರೆ ಮಿಷನ್ನಿನ ಮೊದಲ ಕೆಲಸ ಯಾವ ಪೂರ್ವಸಿದ್ಧತೆಯೂ ಇಲ್ಲದೆ ಶುರುವಾಯಿತು. ಮಿಷನ್ ಹುಟ್ಟಿದ ಹೊತ್ತಿಗೆ ಸ್ವಾಮಿ ಅಖಂಡಾನಂದರು ಮುರ್ಷಿದಾಬಾದ್ ಜಿಲ್ಲೆಯಲ್ಲಿ ಕಾಲ್ನಡಿಗೆಯಲ್ಲಿದ್ದರು. ಅಲ್ಲಿ ಬರಗಾಲ. ದಾದ್‌ಪುರದಲ್ಲಿ ಒಬ್ಬ ಬಾಲಕಿ ಒಡೆದ ಕೊಡದ ಮುಂದೆ ಅಳುತ್ತ ನಿಂತಿದ್ದಳು. ಮನೆಯಲ್ಲಿ ಬೇರೆ ಕೊಡವಿಲ್ಲ, ತಾಯಿ ಹೊಡೆಯುತ್ತಾಳೆಂಬ ಭಯ. ಕೈಯಲ್ಲಿದ್ದ ಪುಡಿಕಾಸಿನಲ್ಲಿ ಸ್ವಾಮಿಗಳು ಅವಳಿಗೊಂದು ಹೊಸ ಕೊಡ, ಸ್ವಲ್ಪ ಅವಲಕ್ಕಿ ಕೊಡಿಸಿದರು. ಕ್ಷಣದಲ್ಲಿ ಹಸಿದ ಮಕ್ಕಳ ಗುಂಪು ಸುತ್ತ ನೆರೆಯಿತು. ಮುಂದೆ ನಡೆಯಲು ಅವರಿಗೆ ಕಾಲೇಳಲಿಲ್ಲ. ಮಹುಲಾ ಎಂಬ ಹಳ್ಳಿಯಲ್ಲಿ ನಿಂತು ಗುರುಸಹೋದರರ ಮಠಕ್ಕೆ ಕಾಗದ ಬರೆದರು. ವಿವೇಕಾನಂದರು ಹಣವನ್ನೂ ಇಬ್ಬರು ಸಹಾಯಕರನ್ನೂ ಕಳಿಸಿಕೊಟ್ಟರು. ಮೇ 15ರಂದು ಅಕ್ಕಿ ಹಂಚುವುದು ಮೊದಲಾಯಿತು. ಅನಾಥ ಮಕ್ಕಳು ಅಲ್ಲೇ ಉಳಿದದ್ದರಿಂದ ಅನಾಥಾಲಯವೂ ಹುಟ್ಟಿತು. ಹಿಮಾಲಯ, ಟಿಬೆಟ್‌ಗಳನ್ನು ಸುತ್ತಿದ್ದ ಈ ಸಂನ್ಯಾಸಿ ಸಂಘದ ಅಧ್ಯಕ್ಷರಾದ ಮೇಲೂ ಅದೇ ಜಿಲ್ಲೆಯ ಸಾರಗಾಚಿಯ ಆಶ್ರಮವನ್ನೇ ನೆಲೆಯಾಗಿಸಿಕೊಂಡಿದ್ದರು.

ಮರುವರ್ಷ ಕಲ್ಕತ್ತೆಯಲ್ಲಿ ಪ್ಲೇಗು ಕಾಣಿಸಿತು. ಗಂಗೆಯ ಪಶ್ಚಿಮ ದಡದ ಬೇಲೂರಿನಲ್ಲಿ ಮಠಕ್ಕೆಂದು ಜಮೀನು ಕೊಂಡು ಕೆಲವೇ ತಿಂಗಳಾಗಿತ್ತು. ಪರಿಹಾರಕ್ಕೆ ಹಣ ಎಲ್ಲಿಂದ ತರುವುದೆಂದು ಒಬ್ಬರು ಕೇಳಿದಾಗ, ಬೇಕಾದರೆ ಆ ಜಮೀನನ್ನೇ ಮಾರೋಣ, ನಾವು ಮರದಡಿ ಮಲಗುವ ಸಂನ್ಯಾಸಿಗಳಲ್ಲವೇ ಎಂದರು ವಿವೇಕಾನಂದರು. ಮಾರುವ ಪ್ರಸಂಗ ಬರಲಿಲ್ಲ. 1899ರ ವಸಂತದಲ್ಲಿ ಪ್ಲೇಗು ಮರುಕಳಿಸಿದಾಗ ಸ್ವಾಮಿ ಸದಾನಂದರು ಬಸ್ತಿಗಳನ್ನು ಗುಡಿಸಿ ತೊಳೆಯುವ ತಂಡವನ್ನು ನಡೆಸಿದರು, ವಿವೇಕಾನಂದರ ಶಿಷ್ಯೆ ಸೋದರಿ ನಿವೇದಿತಾ ಕಾರ್ಯದರ್ಶಿಯಾಗಿ ನಿಂತರು. ಬಾಗ್‌ಬಜಾರಿನ ಒಂದು ಗುಡಿಸಲಲ್ಲಿ ಪ್ಲೇಗು ಬಡಿದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಆಕೆ ಆರೈಕೆ ಮಾಡುತ್ತಿದ್ದುದನ್ನು ವೈದ್ಯ ರಾಧಾಗೋವಿಂದ ಕರ್ ದಾಖಲಿಸಿದ್ದಾರೆ.

ಸೇವೆಯ ಪರೀಕ್ಷೆ ಕಠಿಣವಾಗಿ ನಡೆದದ್ದು ತೀರ್ಥಕ್ಷೇತ್ರಗಳಲ್ಲಿ. ಸಾಯಲೆಂದೇ ಕಾಶಿಗೆ ಬಂದ ಮುದುಕ ಮುದುಕಿಯರು ಘಟ್ಟಗಳ ಬದಿಯಲ್ಲಿ ದಿಕ್ಕಿಲ್ಲದೆ ಬಿದ್ದಿರುತ್ತಿದ್ದರು. 1900ರಲ್ಲಿ ಅಲ್ಲಿನ ಕೆಲವು ತರುಣರು ವಿವೇಕಾನಂದರ ಬರಹ ಓದಿ, ಭಿಕ್ಷೆ ಎತ್ತಿ, ಅಂಥವರನ್ನು ನೋಡಿಕೊಳ್ಳತೊಡಗಿದರು. 1902ರಲ್ಲಿ ಆ ಸೇವಾಶ್ರಮ ಮಿಷನ್ನಿಗೆ ಸೇರಿತು. ಹರಿದ್ವಾರದ ಬಳಿಯ ಕನಖಲ್‌ನಲ್ಲಿ 1901ರಲ್ಲಿ ಸ್ವಾಮಿ ಕಲ್ಯಾಣಾನಂದರು ಸಾಧುಗಳಿಗೂ ಬಡವರಿಗೂ ಔಷಧ ಕೊಡಲು ಶುರುಮಾಡಿದರು, ಬಳಿಕ ಸ್ವಾಮಿ ನಿಶ್ಚಯಾನಂದರು ಜೊತೆಯಾದರು. ರೋಗಿಗಳ ಮಲಮೂತ್ರ ತೆಗೆಯುವುದನ್ನೂ ಇಬ್ಬರೇ ಮಾಡುತ್ತಿದ್ದರು. ಸಂನ್ಯಾಸಿ ಇಂಥ ಕೆಲಸಕ್ಕಿಳಿಯುವುದೇ ಎಂದು ಸುತ್ತಲಿನ ಸಾಧುಗಳು ಅವರಿಗೆ ಜಾತಿಯ ಬೈಗುಳವನ್ನೇ ಹೆಸರಾಗಿಟ್ಟು, ಪಂಕ್ತಿಭೋಜನಗಳಿಂದ ದೂರವಿಟ್ಟರು. ವರ್ಷಗಟ್ಟಲೆ ಅದನ್ನು ಸಹಿಸಿ ಇಬ್ಬರೂ ಕಡೆಯವರೆಗೆ ಅಲ್ಲೇ ಉಳಿದರು. ಮಿಷನ್ನಿನ ಆಸ್ಪತ್ರೆಗಳ ಹಿರಿಮೆಯನ್ನು ಕಟ್ಟಡಗಳಿಗಿಂತ ಈ ಇಬ್ಬರ ಸಹನೆಯಲ್ಲಿ ಕಾಣುವುದು ಹೆಚ್ಚು ಸರಿ.

ಶಂಕೆ ಮನೆಯೊಳಗೂ ಇತ್ತು. ಶ್ರೀರಾಮಕೃಷ್ಣರ ಮಾತುಗಳನ್ನು ದಿನಚರಿಯಲ್ಲಿ ಬರೆದಿಟ್ಟ ಮಹೇಂದ್ರನಾಥ ಗುಪ್ತರೇ ಆಸ್ಪತ್ರೆ, ಪರಿಹಾರಗಳ ಕೆಲಸ ಸಾಧನೆಗೆ ಅಡ್ಡಿ ಎಂದು ಎಣಿಸಿದ್ದರು. 1912ರಲ್ಲಿ ಶ್ರೀರಾಮಕೃಷ್ಣರ ಪತ್ನಿ ಶ್ರೀಮಾತೆ ಶಾರದಾದೇವಿಯವರು ಕಾಶಿಯ ಸೇವಾಶ್ರಮವನ್ನು ಸುತ್ತಿ ನೋಡಿ, ಗುರುಮಹಾರಾಜರು ಇಲ್ಲಿ ನೆಲೆಸಿದ್ದಾರೆ ಎಂಬರ್ಥದ ಮಾತಾಡಿ, ಹತ್ತು ರೂಪಾಯಿಯ ನೋಟೊಂದನ್ನು ಕಾಣಿಕೆ ಕೊಟ್ಟರು. ಸಂಗತಿ ತಿಳಿದ ಗುಪ್ತರು, ಇನ್ನು ಒಪ್ಪದೆ ದಾರಿಯಿಲ್ಲ ಎಂದು ನಕ್ಕರಂತೆ. ವಾದ ಮಾಡಿ ಗೆಲ್ಲಲಾಗದ ಸಂದೇಹವನ್ನು ತಾಯಿಯ ಒಂದು ಭೇಟಿ ಕಳೆಯಿತು.

ಹಾಗೆಂದು ಧ್ಯಾನ ಹಿಂದೆ ಸರಿಯಲಿಲ್ಲ. 1898ರ ಡಿಸೆಂಬರ್‌ನಲ್ಲಿ ಪ್ರತಿಷ್ಠೆಯಾದ ಬೇಲೂರು ಮಠದಲ್ಲಿ ನಸುಕಿನ ಗಂಟೆಗೆ ಏಳುವುದು ಕಡ್ಡಾಯ. ಧ್ಯಾನಕ್ಕೆ ಬಾರದವರು ಆ ದಿನ ಹೊರಗೆ ಭಿಕ್ಷೆ ಬೇಡಿ ಉಣ್ಣಬೇಕೆಂದು ವಿವೇಕಾನಂದರು ನಿಯಮ ಮಾಡಿದ್ದರು. 1922ರವರೆಗೆ ಅಧ್ಯಕ್ಷರಾಗಿದ್ದ ಸ್ವಾಮಿ ಬ್ರಹ್ಮಾನಂದರು ಹೋದ ಕೇಂದ್ರಗಳಲ್ಲೆಲ್ಲ ಬೆಳಿಗ್ಗೆ ಸಂಜೆಗಳ ಜಪಧ್ಯಾನ ತಪ್ಪಬಾರದೆಂದು ಹೇಳುತ್ತ ಬಂದರು. ಅದಿಲ್ಲದ ಕೆಲಸದಲ್ಲಿ ಅಹಂಕಾರ ಬೆಳೆಯುತ್ತದೆ ಎಂಬುದು ಅವರ ಎಚ್ಚರಿಕೆ. ಗೃಹಸ್ಥರಿಗೆ ಧ್ಯಾನ ಕಲಿಸುವುದು ಮಂತ್ರದೀಕ್ಷೆಯ ಮೂಲಕ: ಇಷ್ಟದೇವತೆ, ಮಂತ್ರ, ಹೃದಯದಲ್ಲಿ ಧ್ಯಾನಿಸುವ ಕ್ರಮ ಇವನ್ನು ಗುರು ನೇರವಾಗಿ ಹೇಳಿಕೊಡುತ್ತಾರೆ. ಲಾಂಛನದಲ್ಲೂ ಈ ಕೂಡಿಕೆಯಿದೆ. ಅಲೆಯೇಳುವ ನೀರು ಕರ್ಮ, ತಾವರೆ ಭಕ್ತಿ, ಮೂಡುವ ಸೂರ್ಯ ಜ್ಞಾನ, ಸುತ್ತುವರಿದ ಹಾವು ಯೋಗ, ನಡುವಿನ ಹಂಸ ಪರಮಾತ್ಮ.

ಆಡಳಿತದ ರೂಪ ಎರಡು ಹಂತಗಳಲ್ಲಿ ಬಂತು. 1901ರ ಜನವರಿ 30ರ ಟ್ರಸ್ಟ್ ಪತ್ರದಿಂದ ಮಠ ಸಂನ್ಯಾಸಿಗಳ ಸಂಸ್ಥೆಯಾಯಿತು. 1909ರ ಮೇ 4ರಂದು ಮಿಷನ್ 1860ರ ಕಾಯಿದೆಯಡಿ ನೋಂದಣಿಯಾಗಿ, ಗೃಹಸ್ಥರೂ ಸದಸ್ಯರಾಗಬಲ್ಲ ಸೇವಾಸಂಸ್ಥೆಯಾಯಿತು. ಎರಡರ ಲೆಕ್ಕ ಬೇರೆ, ನಡೆಸುವವರು ಒಬ್ಬರೇ. ನೋಂದಣಿಯೂ ಬ್ರಿಟಿಷರ ಸಂದೇಹ ಕಳೆಯಲಿಲ್ಲ. ಕೆಲವು ಕ್ರಾಂತಿಕಾರಿಗಳು ಹಳೆಯ ಹಾದಿ ಬಿಟ್ಟು ಸಂನ್ಯಾಸ ಪಡೆದಿದ್ದರು. 1916ರ ಡಿಸೆಂಬರ್‌ನಲ್ಲಿ ಬಂಗಾಳದ ಗವರ್ನರ್ ಲಾರ್ಡ್ ಕಾರ್ಮೈಕೇಲ್ ದರ್ಬಾರಿನಲ್ಲೇ ಮಿಷನ್ನಿನ ಹೆಸರೆತ್ತಿದಾಗ ಬಹಳ ಜನ ದೂರ ಸರಿದರು. ಕಾರ್ಯದರ್ಶಿ ಸ್ವಾಮಿ ಶಾರದಾನಂದರು ಸಮಾಧಾನದಿಂದ ವಿವರಣೆ ಕೊಟ್ಟರು. ಮರುವರ್ಷ ಮಾರ್ಚ್‌ನಲ್ಲಿ ಗವರ್ನರ್ ತಮ್ಮ ಮಾತಿನಿಂದ ಹಾನಿಯಾದದ್ದಕ್ಕೆ ವಿಷಾದಿಸಿ ಪತ್ರ ಬರೆದರು.

ಕರ್ನಾಟಕದಲ್ಲಿ ಬೆಂಗಳೂರಿನ ಕೇಂದ್ರ ಹಿರಿಯದು. ಬಸವನಗುಡಿಯ ಆಶ್ರಮವನ್ನು 1909ರ ಜನವರಿಯಲ್ಲಿ ಬ್ರಹ್ಮಾನಂದರು ಉದ್ಘಾಟಿಸಿದರು. 1911ರಲ್ಲಿ ಶಾರದಾದೇವಿಯವರು ಬಂದು ಹಿಂಬದಿಯ ಬಂಡೆಯ ಮೇಲೆ ಧ್ಯಾನಕ್ಕೆ ಕುಳಿತಿದ್ದರು. ಮೈಸೂರು ಆಶ್ರಮ 1925ರಲ್ಲಿ, ಕೊಡಗಿನ ಪೊನ್ನಂಪೇಟೆಯದು 1927ರಲ್ಲಿ ಆರಂಭವಾದವು. ಮೈಸೂರಿನಲ್ಲಿ ಸ್ವಾಮಿ ಸಿದ್ಧೇಶ್ವರಾನಂದರ ಆಸರೆಯಲ್ಲಿ ಕುವೆಂಪು ವರ್ಷಗಳ ಕಾಲ ನೆಲೆಸಿದ್ದರು. ಅವರು ಬರೆದ ಶ್ರೀರಾಮಕೃಷ್ಣ, ವಿವೇಕಾನಂದರ ಜೀವನಚರಿತ್ರೆಗಳಿಂದ ಈ ಚಿಂತನೆ ಕನ್ನಡದ ಮನೆಮನೆಗೆ ಮುಟ್ಟಿತು. ಅದೇ ಆಶ್ರಮಕ್ಕೆ 1926ರಲ್ಲಿ ಬಂದ ಕೇರಳದ ಒಬ್ಬ ಹುಡುಗ ಮೊದಲು ಅಡುಗೆ ಮಾಡಿದ, ಪಾತ್ರೆ ತೊಳೆದ. ಮುಂದೆ ಸಂಘದ ಅಧ್ಯಕ್ಷರಾದ ಸ್ವಾಮಿ ರಂಗನಾಥಾನಂದರು ಅವರೇ. 1953ರಲ್ಲಿ ಮೈಸೂರಿನ ವಿದ್ಯಾಶಾಲೆ ತೆರೆಯಿತು.

ವಿವೇಕಾನಂದರ ಯೋಜನೆಯ ಒಂದು ಭಾಗ ಮಾತ್ರ ಬಹುಕಾಲ ಕಾಗದದಲ್ಲೇ ಉಳಿದಿತ್ತು. ಶಾರದಾದೇವಿಯವರನ್ನು ಕೇಂದ್ರವಾಗಿಟ್ಟುಕೊಂಡು ಸ್ತ್ರೀಯರಿಗೊಂದು ಮಠ ಮೊದಲೇ ಆಗಬೇಕೆಂದು ಅವರು 1894ರಲ್ಲೇ ಬರೆದಿದ್ದರು. ಅದು ಕೈಗೂಡಿದ್ದು 1954ರ ಡಿಸೆಂಬರ್ 2ರಂದು, ದಕ್ಷಿಣೇಶ್ವರದಲ್ಲಿ ಶ್ರೀ ಶಾರದಾ ಮಠ ಸ್ಥಾಪನೆಯಾದಾಗ. 1959ರಲ್ಲಿ ಬೇಲೂರು ಮಠ ಅದರ ಆಡಳಿತವನ್ನು ಪೂರ್ತಿಯಾಗಿ ಸಂನ್ಯಾಸಿನಿಯರಿಗೇ ಬಿಟ್ಟುಕೊಟ್ಟಿತು. ಮರುವರ್ಷ ಶಾಲೆ, ಚಿಕಿತ್ಸಾಲಯಗಳನ್ನು ನಡೆಸಲು ಅವರದೇ ಆದ ರಾಮಕೃಷ್ಣ ಶಾರದಾ ಮಿಷನ್ ಹುಟ್ಟಿತು.